ಕೂಡ್ಲಿಕ್ಕೊಂದು ಜಾಗ

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಒಂದು ಮಂಗಳವಾರ ಬೆಳಗ್ಗೆ ನಮ್ಮ ಟೀಮಿನ ಆರು ಜನರ ಲ್ಯಾಪ್‌ಟಾಪ್ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಎಕ್ಸ್‌ಪೈರ್ ಆಗಿರಬೇಕು ಅಂದುಕೊಂಡರು. ಹತ್ತು ಗಂಟೆಗೆ ಎಚ್‌ಆರ್‌ನಿಂದ ಒಬ್ಬೊಬ್ಬರಿಗೇ ಫೋನ್ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಆರು ಕುರ್ಚಿ ಖಾಲಿ.

ಸಂಜೆ ಎಲ್ಲರೂ ಒಂದು ಕಡೆ ಕೂತು ಮಾತಾಡೋಣ ಅಂತಾಯಿತು. ಹೋದವರು ಆರು, ಉಳಿದವರಲ್ಲಿ ಬರುತ್ತೇವೆ ಅಂದವರು ಐದು. ಮಾತಾಡಬೇಕಾದ್ದು ದೊಡ್ಡ ಕ್ರಾಂತಿಯ ವಿಷಯವೇನಲ್ಲ. ನೋಟಿಸ್ ಅವಧಿಯ ಸಂಬಳ ಎಷ್ಟು, ಇನ್ಶೂರೆನ್ಸ್ ಎಲ್ಲಿಯವರೆಗೆ, 'ಸ್ವಇಚ್ಛೆಯಿಂದ ರಾಜೀನಾಮೆ' ಅಂತ ಬರೆದ ಕಾಗದಕ್ಕೆ ಸಹಿ ಹಾಕಬೇಕಾ ಬೇಡವಾ. ಆರರಲ್ಲಿ ಒಬ್ಬನ ಹೆಂಡತಿಗೆ ಏಳು ತಿಂಗಳಾಗಿತ್ತು. ಅವನಿಗೆ ಇನ್ಶೂರೆನ್ಸ್ ಒಂದೇ ಚಿಂತೆ.

ಆದರೆ ಕೂರೋದು ಎಲ್ಲಿ? ಆಫೀಸಿನ ಮೀಟಿಂಗ್ ರೂಮಿಗೆ ಕಂಪನಿಯ ಕ್ಯಾಲೆಂಡರಿನಲ್ಲೇ ಬುಕ್ ಮಾಡಬೇಕು. ನನ್ನ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್ ಕೇಳಿದೆ. ಸೆಕ್ರೆಟರಿ ಒಳ್ಳೆಯ ಮನುಷ್ಯ, "ಏನ್ ಫಂಕ್ಷನ್ ಸಾರ್?" ಅಂದರು. ಹೇಳಿದೆ. "ನಾಮಕರಣ, ಬರ್ತ್‌ಡೇ ಆದ್ರೆ ಕೊಡಬಹುದಿತ್ತು, ಇಂಥದ್ದಕ್ಕೆಲ್ಲ ಬೈಲಾದಲ್ಲಿ ಇಲ್ಲ ಸಾರ್" ಅಂದರು. ದರ್ಶಿನಿಯಲ್ಲಿ ನಿಂತೇ ತಿನ್ನಬೇಕು, ಹತ್ತು ನಿಮಿಷಕ್ಕೆ ಟೇಬಲ್ ಒರೆಸುವ ಹುಡುಗ ಬರುತ್ತಾನೆ. ಕಾಫಿ ಅಂಗಡಿಗೆ ಹೋದರೆ ಹನ್ನೊಂದು ಜನರ ಬಿಲ್ ಯಾರು ಕೊಡಬೇಕು, ಅದೂ ಆರು ಜನರ ಕೆಲಸ ಹೋದ ದಿನ? ಕೊನೆಗೆ ಟೆಕ್ ಪಾರ್ಕಿನ ಹಿಂದಿನ ಚಹಾ ಗಾಡಿಯ ಹತ್ತಿರ ನಿಂತೆವು. ಮಳೆ ಬಂತು. ಅರ್ಧ ಜನ ಕ್ಯಾಬ್ ಹತ್ತಿದರು. ಮರುದಿನ ಆರೂ ಜನ ಒಬ್ಬೊಬ್ಬರೇ ಹೋಗಿ, ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬಂದರು.

ಒಂದು ಕೋಣೆ ಇದ್ದಿದ್ದರೆ ಎಲ್ಲ ಬದಲಾಗುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಹನ್ನೊಂದು ಜನ ಎರಡು ಗಂಟೆ ಕೂತಿದ್ದರೆ, ಒಬ್ಬರಾದರೂ "ತಡೀರಿ, ಇದನ್ನ ಒಬ್ಬ ವಕೀಲರಿಗೆ ತೋರಿಸೋಣ" ಅಂತಿದ್ದರು. ಅಷ್ಟು ಮಾತಿಗೂ ಜಾಗ ಇರಲಿಲ್ಲ. ಆ ಸಂಜೆ ತಲೆಯಲ್ಲಿ ಉಳಿದದ್ದರಿಂದಲೇ ಇರಬೇಕು, ಮುಂದೆ ಕೋಪನ್‌ಹೇಗನ್ನಿನ ಒಂದು ಮನೆಯ ಕಥೆ ಓದಿದಾಗ ಅದು ನನ್ನನ್ನು ಬಿಡಲಿಲ್ಲ.

ಆ ಮನೆಯ ವಿಳಾಸ ಯಾಗ್ಟ್‌ವೈ ರಸ್ತೆ, ನಂಬರ್ 69. ನೋರೆಬ್ರೋ ಅನ್ನುವ ದುಡಿಯುವ ಜನರ ಬಡಾವಣೆ. 1897ರಲ್ಲಿ ಡೆನ್ಮಾರ್ಕಿನ ಕಾರ್ಮಿಕ ಚಳವಳಿ ಅದನ್ನು ಕಟ್ಟಿಸಿತು. ಹೆಸರು 'ಜನರ ಮನೆ'. ಯಾಕೆ ಕಟ್ಟಿಕೊಂಡರು ಅನ್ನೋದು ಮುಖ್ಯ. 1872ರಲ್ಲಿ ಅದೇ ಊರಿನ ಬಯಲಿನಲ್ಲಿ ಕಾರ್ಮಿಕರು ಕರೆದ ಸಭೆಯನ್ನು ಪೊಲೀಸರು ನಿಷೇಧಿಸಿ, ಮುಖಂಡರನ್ನು ಹಿಂದಿನ ರಾತ್ರಿಯೇ ಹಿಡಿದು, ಬಂದವರನ್ನು ಚದುರಿಸಿದ್ದರು. ಬಾಡಿಗೆ ಹಾಲಿನವರನ್ನು ನಂಬಿ ಕೂತರೆ ಆಗುವುದಿಲ್ಲ ಅಂತ ಜನಕ್ಕೆ ಅರ್ಥವಾಯಿತು. 1879ರಲ್ಲಿ ರೋಮರ್ಸ್‌ಗೇಡ್ ಬೀದಿಯಲ್ಲಿ ಮೊದಲ ಸಭಾಭವನ ಎದ್ದಿತು, ಆಮೇಲೆ ಬೇರೆ ಬಡಾವಣೆಗಳಲ್ಲೂ. ಯಾಗ್ಟ್‌ವೈ 69 ಆ ಸಾಲಿನದು. ಸಭೆ, ಮುಷ್ಕರದ ತಯಾರಿ, ನಾಟಕ, ಕುಣಿತ ಎಲ್ಲ ಅಲ್ಲೇ.

1910ರ ಆಗಸ್ಟಿನಲ್ಲಿ ಈ ಮನೆಯಲ್ಲಿ ಸಮಾಜವಾದಿ ಮಹಿಳೆಯರ ಎರಡನೇ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಪ್ರತಿವರ್ಷ ಒಂದು ಮಹಿಳಾ ದಿನ ಆಚರಿಸಬೇಕು ಅಂತ ಕ್ಲಾರಾ ಜೆಟ್ಕಿನ್ ಮತ್ತು ಸಂಗಾತಿಗಳು ಠರಾವು ತಂದದ್ದು ಅಲ್ಲಿ. ಮಾರ್ಚ್ 8ಕ್ಕೆ ನಮ್ಮ ಆಫೀಸುಗಳಲ್ಲಿ ಮಹಿಳಾ ಸಹೋದ್ಯೋಗಿಗಳಿಗೆ ಗುಲಾಬಿಯನ್ನೋ ಕಪ್‌ಕೇಕನ್ನೋ ಕೊಟ್ಟು ಫೋಟೋ ತೆಗೀತಾರಲ್ಲ, ಅದರ ಬೇರು ಈ ಮನೆಯಲ್ಲಿದೆ. ಅಲ್ಲಿ ಕೂತವರು ಕೇಳಿದ್ದು ಮಾತ್ರ ಮತದ ಹಕ್ಕು.

ಆಮೇಲೆ ಏನಾಯಿತು? ಕಾರ್ಮಿಕರ ಪಕ್ಷ ಗೆದ್ದಿತು. 1924ರಲ್ಲಿ ಅದೇ ಪಕ್ಷದ ಸ್ಟೌನಿಂಗ್ ಪ್ರಧಾನಿಯಾದರು. ಯೂನಿಯನ್‌ಗಳಿಗೆ ದೊಡ್ಡ ದೊಡ್ಡ ಆಫೀಸುಗಳಾದವು. ಕೆಲಸಕ್ಕೆ ಭದ್ರತೆ, ಪಿಂಚಣಿ, ಮನೆ ಎಲ್ಲ ಬಂತು. ಹಳೇ ಮನೆ ಯಾರಿಗೂ ಬೇಕಾಗಲಿಲ್ಲ. 1950ರ ದಶಕದ ಹೊತ್ತಿಗೆ ಅಲ್ಲಿ ಉಳಿದದ್ದು ಆಗಾಗ ನಡೆಯುವ ಬಾಕ್ಸಿಂಗ್ ಪಂದ್ಯದಂಥ ಕಾರ್ಯಕ್ರಮ. 1960ರ ದಶಕದಲ್ಲಿ ಅಂಗಡಿಗಳ ಒಂದು ಸಹಕಾರಿ ಸರಣಿ ಅದನ್ನು ಕೊಂಡು, ಕೆಡವಿ ಸೂಪರ್‌ಮಾರ್ಕೆಟ್ ಕಟ್ಟಲು ಹೊರಟಿತು. ಹಳೆಯ ಕಟ್ಟಡ ಅಂತ ನಗರಸಭೆ ಒಪ್ಪಲಿಲ್ಲ. 1978ರಲ್ಲಿ ಒಂದು ಜನಪದ ಸಂಗೀತದ ತಂಡ ಕೊಂಡಿತು, ನಡೆಸಲಾಗಲಿಲ್ಲ. ಕೊನೆಗೆ ನಗರಸಭೆಯ ಕೈಗೇ ಬಂತು.

ಆ ಕಾಲಕ್ಕೆ ಊರಿನ ಹುಡುಗರು ಖಾಲಿ ಮನೆಗಳಿಗೆ ನುಗ್ಗಿ "ನಮಗೊಂದು ಜಾಗ ಕೊಡಿ" ಅಂತ ಗಲಾಟೆ ಮಾಡುತ್ತಿದ್ದರು. 1982ರಲ್ಲಿ ನಗರಸಭೆ ಅವರಿಗೆ ಯಾಗ್ಟ್‌ವೈ 69ರ ಬೀಗದ ಕೈ ಕೊಟ್ಟಿತು. ಮಾಲೀಕತ್ವ ನಗರಸಭೆಯದು, ಬಳಕೆ ಅವರದು. ಹೆಸರು 'ಯುವಕರ ಮನೆ' ಅಂತಾಯಿತು. ಮುಂದಿನ ಇಪ್ಪತ್ತೈದು ವರ್ಷ ಅಲ್ಲಿ ಸಂಗೀತ, ನಾಟಕ, ಸಿನಿಮಾ, ಎಲ್ಲರಿಗೂ ಅಗ್ಗದ ಅಡುಗೆಮನೆ. ಬ್ಯೋರ್ಕ್, ನಿಕ್ ಕೇವ್‌ರಂಥವರು ಹಾಡಿಹೋದ ವೇದಿಕೆ ಅದು. ಸಂಬಳದ ಮ್ಯಾನೇಜರ್ ಇಲ್ಲ. ಸೋಮವಾರ ಸಭೆ ಸೇರುವುದು, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಜನಾಂಗ ನಿಂದನೆ ಇಲ್ಲ, ಹೆಣ್ಣನ್ನು ಕೀಳು ಮಾಡುವುದಿಲ್ಲ, ಕಠಿಣ ಮಾದಕ ವಸ್ತು ಇಲ್ಲ. ಇಂಥ ನಿಯಮಗಳಿದ್ದವು.

ಗದ್ದಲ ಇತ್ತು. ಪೊಲೀಸರ ಜೊತೆ ಜಗಳ ಇತ್ತು. 1996ರಲ್ಲಿ ಒಳಗೆ ಬೆಂಕಿ ಬಿತ್ತು. ರಿಪೇರಿಯ ಖರ್ಚು, ಕರಾರಿನ ತಕರಾರು ಬೆಳೆದು 1999ರಲ್ಲಿ ನಗರಸಭೆ ಮಾರಲು ಹೊರಟಿತು. ಒಂದು ಕಂಪನಿ ಕೊಂಡಿತು. 2001ರಲ್ಲಿ ಆ ಕಂಪನಿಯಿಂದ ಅದು ಒಂದು ಸಣ್ಣ ಕ್ರೈಸ್ತ ಪಂಗಡದ ಕೈಗೆ ಹೋಯಿತು. ಹುಡುಗರು ಬಿಡಲಿಲ್ಲ. ಕೋರ್ಟಿಗೆ ಹೋಯಿತು, 2006ರಲ್ಲಿ ತೀರ್ಪು ಹೊಸ ಮಾಲೀಕರ ಕಡೆ ಬಂತು. 2007ರ ಮಾರ್ಚ್ 1ರ ಬೆಳಗ್ಗೆ ಹೆಲಿಕಾಪ್ಟರ್‌ನಿಂದ ಪೊಲೀಸರು ಚಾವಣಿಗೆ ಇಳಿದರು. ಮುಂದಿನ ಕೆಲವು ದಿನ ಬೀದಿಯಲ್ಲಿ ಕಲ್ಲು, ಬೆಂಕಿ, ಅಶ್ರುವಾಯು. ಆರುನೂರಕ್ಕಿಂತ ಹೆಚ್ಚು ಜನರ ಬಂಧನವಾಯಿತು. ಮಾರ್ಚ್ 5ಕ್ಕೆ ಕೆಡವುವ ಕೆಲಸ ಶುರುವಾಯಿತು. ಕೆಡವಲು ಬಂದ ಕೆಲಸಗಾರರು ಗುರುತು ಸಿಗದ ಹಾಗೆ ಮುಖ ಮುಚ್ಚಿಕೊಂಡಿದ್ದರು. ಕಾರ್ಮಿಕರು ಕಟ್ಟಿದ ಮನೆಯನ್ನು ಕಾರ್ಮಿಕರೇ ಮುಖ ಮುಚ್ಚಿಕೊಂಡು ಕೆಡವಿದರು. ಕೊಂಡವರು ಅಲ್ಲಿ ಏನೂ ಕಟ್ಟಲಿಲ್ಲ. ಜಾಗ ವರ್ಷಗಟ್ಟಲೆ ಖಾಲಿ ಬಿತ್ತು.

ಈ ಕಥೆ ಓದಿದಾಗ ನಾನು ಸಹಜವಾಗಿ ಹುಡುಗರ ಪಕ್ಷ. ಆದರೆ ಸ್ವಲ್ಪ ಯೋಚನೆ ಮಾಡಿದರೆ ಅಷ್ಟು ಸಲೀಸಲ್ಲ. ಮನೆ ಯಾರದು?

ಕೊಂಡವರದು ಅನ್ನೋದು ಕಾನೂನಿನ ಉತ್ತರ. ಅದನ್ನು ಹಗುರವಾಗಿ ತಳ್ಳಿಹಾಕುವ ಧೈರ್ಯ ನನಗಿಲ್ಲ, ನಾನೇ ಇಪ್ಪತ್ತು ವರ್ಷದ ಹೋಮ್ ಲೋನ್ ಕಟ್ಟುತ್ತಿರುವವನು. ನಾಳೆ ಯಾರೋ ಬಂದು "ಈ ಫ್ಲಾಟ್ ಇರೋ ಜಾಗದಲ್ಲಿ ನಮ್ಮಜ್ಜ ರಾಗಿ ಬೆಳೀತಿದ್ದ" ಅಂದರೆ ನಾನು ಸೇಲ್ ಡೀಡ್ ತೋರಿಸುತ್ತೇನೆ. ಆದರೆ ಕಾಗದ ಹೇಳುವುದು ಇಂದಿನ ಮಾಲೀಕ ಯಾರು ಅಂತ ಮಾತ್ರ. ಮೊದಲು ಮಾರಿದವನಿಗೆ ಮಾರುವ ನೈತಿಕ ಹಕ್ಕಿತ್ತಾ ಅಂತ ಅದು ಹೇಳುವುದಿಲ್ಲ.

ಕಟ್ಟಿದವರದು ಅನ್ನೋಣವಾ? ಕಟ್ಟಿದವರೇ ಬಿಟ್ಟು ಹೋದರಲ್ಲ. ಅವರು ಸೋತು ಹೋದದ್ದಲ್ಲ, ಗೆದ್ದು ಹೋದದ್ದು. ಹೊಟ್ಟೆ ತುಂಬಿದ ಮೇಲೆ ಹಳೇ ಮನೆಯ ನೆನಪಾಗಲಿಲ್ಲ. ಇದನ್ನು ದ್ರೋಹ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ, ಯಾಕೆಂದರೆ ಊರು ಬಿಟ್ಟು ಬಂದ ನಾವೆಲ್ಲ ಮಾಡಿದ್ದು ಅದನ್ನೇ. ಯಾವ ಸರ್ಕಾರಿ ಶಾಲೆಯಲ್ಲಿ ಕಲಿತೆವೋ, ಯಾವ ಹಾಸ್ಟೆಲ್ಲಿನ ಅನ್ನ ತಿಂದೆವೋ, ಅದರ ಮಾಳಿಗೆ ಸೋರುತ್ತಿದೆಯಾ ಅಂತ ನಾವು ತಿರುಗಿ ನೋಡಿದ್ದು ಎಷ್ಟು ಸಲ?

ಹಾಗಾದರೆ ಬಳಸುವವರದಾ? ಇಪ್ಪತ್ತೈದು ವರ್ಷ ಪುಕ್ಕಟೆ ದುಡಿದು ಆ ಮನೆಯನ್ನು ಜೀವಂತ ಇಟ್ಟವರು ಹುಡುಗರೇ. ಆದರೆ ಪಕ್ಕದ ಮನೆಯ ಅಜ್ಜಿಗೆ ರಾತ್ರಿ ನಿದ್ದೆ ಬೇಕಲ್ಲ, ಬೀದಿಯಲ್ಲಿ ಸುಟ್ಟುಹೋದ ಕಾರು ಯಾರದ್ದೋ ಸಾಲದ ಕಾರಾಗಿರುತ್ತಲ್ಲ. 'ನಮ್ಮದು' ಅನ್ನುವ ಮಾತು ಒಂದು ಹಂತ ದಾಟಿದರೆ ಅವರೂ ಇನ್ನೊಂದು ಥರದ ಮಾಲೀಕರೇ.

ಮೂರೂ ಉತ್ತರ ಅರ್ಧಂಬರ್ಧ. ಇಲ್ಲಿ ನನಗೆ ನಮ್ಮ ಮುತ್ಯಾ ಹೇಳುತ್ತಿದ್ದ ಮಾತು ನೆನಪಾಗುತ್ತೆ.

ನಮ್ಮದು ಸಿಂದಗಿ ತಾಲೂಕಿನ ಕನ್ನೊಳ್ಳಿ ಸೀಮೆ. ಆ ಕಾಲಕ್ಕೆ ಇಂಡಿ, ಸಿಂದಗಿ ಕಡೆ ಮಳೆ ಕೈಕೊಟ್ಟರೆ ಜನ ಸೊಲ್ಲಾಪುರದ ಹಾದಿ ಹಿಡಿಯುತ್ತಿದ್ದರು. ಅಲ್ಲಿ 1870ರ ದಶಕದಿಂದಲೇ ಬಟ್ಟೆ ಗಿರಣಿಗಳಿದ್ದವು. ಮುತ್ಯಾನೂ ಹರೆಯದಲ್ಲಿ ಹೋಗಿ ಕೆಲವು ವರ್ಷ ಗಿರಣಿಯಲ್ಲಿ ದುಡಿದು ಬಂದವನು. ಭೋಂಗಾ ಕೂಗಿದರೆ ಪಾಳಿ. ಒಂದು ಖೋಲಿಯಲ್ಲಿ ಹತ್ತು ಜನ, ಹಗಲು ಪಾಳಿಯವರು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಮಲಗುವುದು. ನಾನು ಸಣ್ಣವನಿದ್ದಾಗ ಕೇಳಿದ್ದೆ, "ಮತ್ತ ಸಂಘದ ಮಾತು ಎಲ್ಲಿ ಆಡ್ತಿದ್ರಿ ಮುತ್ಯಾ?"

"ಭಜನ್ಯಾಗ" ಅಂದ. "ಗುಡ್ಯಾಗ ಭಜನಿ ಅಂದ್ರ ಯಾರಿಗಿ ಸಂಶೇ ಬರ್ತೈತಿ? ಎರಡು ಪದ ಹಾಡೂದು, ಆಮ್ಯಾಲ ಪಗಾರದ ಮಾತು. ಜಾಬರ್ ಬಂದಾ ಅಂದ್ರ ಮತ್ತ ತಾಳ ಬಾರ್ಸೂದು. ಕೂಡ್ಲಿಕ್ಕ ಒಂದು ಜಾಗ ಬೇಕಪಾ ತಮ್ಮಾ, ಅದಿಲ್ಲಂದ್ರ ಹತ್ತು ಮಂದಿ ಅಂದ್ರೂ ಒಬ್ಬೊಬ್ಬರ."

ನಮ್ಮ ಕಡೆ 'ಕೂಡು' ಅಂದರೆ ಕುಳಿತುಕೊಳ್ಳುವುದೂ ಹೌದು, ಒಟ್ಟಾಗುವುದೂ ಹೌದು. ಮುತ್ಯಾ ಯಾವ ಅರ್ಥದಲ್ಲಿ ಹೇಳಿದ ಅಂತ ನಾನು ಕೇಳಲಿಲ್ಲ.

ಆ ಮಾತಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಕಾರ್ಮಿಕರ ಮನೆ ಆಮೇಲೆ 'ಸಾಂಸ್ಕೃತಿಕ ಕೇಂದ್ರ' ಆಯಿತು ಅಂತ ನಾವು ಹೇಳುವಾಗ, ಮೊದಲು ಬರೀ ರಾಜಕೀಯ ಇತ್ತು, ಆಮೇಲೆ ಹಾಡು ಬಂತು ಅಂದುಕೊಳ್ಳುತ್ತೇವೆ. ಹಾಗಲ್ಲ. ಪದ ಮತ್ತು ಪಗಾರ ಮೊದಲಿನಿಂದಲೂ ಒಂದೇ ಚಾಪೆಯ ಮೇಲೆ ಕೂತಿದ್ದವು. ಅವನ್ನು ಬೇರೆ ಮಾಡಿ, ಹಾಡಿಗೆ ಹಾಲ್ ಕೊಡ್ತೀವಿ, ಪಗಾರದ ಮಾತಿಗೆ ಬೈಲಾದಲ್ಲಿ ಇಲ್ಲ ಅನ್ನೋದು ಈಚಿನ ಏರ್ಪಾಡು.

ಅದೇ ಸೊಲ್ಲಾಪುರದಲ್ಲಿ 1930ರ ಮೇ ತಿಂಗಳಲ್ಲಿ, ಗಾಂಧೀಜಿ ಬಂಧನದ ಸುದ್ದಿಗೆ ಊರೇ ಎದ್ದಿತ್ತು, ಗಿರಣಿಯವರೂ ಸೇರಿ. ಬ್ರಿಟಿಷರು ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ನಾಲ್ವರನ್ನೂ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಕುರ್ಬಾನ್ ಹುಸೇನ್ ಗಿರಣಿ ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದವರು. ಈಗ ಸೊಲ್ಲಾಪುರದಲ್ಲಿ ಅವರ ನೆನಪಿನ ಚೌಕ ಇದೆ, 'ಹುತಾತ್ಮ ಸ್ಮೃತಿ ಮಂದಿರ' ಅನ್ನುವ ನಾಟಕದ ಹಾಲೂ ಇದೆ. ಇದು ಒಳ್ಳೆಯದೇ. ಹೆಸರಾದರೂ ಉಳಿಯಿತು. ಆದರೆ ಹೆಸರು ಉಳಿಯುವುದು ಬೇರೆ, ಬಾಗಿಲು ತೆರೆದಿರುವುದು ಬೇರೆ.

ಕೋಪನ್‌ಹೇಗನ್ನಿನಲ್ಲೇ ಇದರ ಇನ್ನೊಂದು ಮುಖವೂ ಇದೆ. 1879ರ ರೋಮರ್ಸ್‌ಗೇಡ್ ಸಭಾಭವನ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. 1983ರಿಂದ ಅದು ಕಾರ್ಮಿಕ ಮ್ಯೂಸಿಯಂ. ಹಳೇ ಕಾಲದ ಕಾರ್ಮಿಕರ ಮನೆ ಹೇಗಿತ್ತು, ಏನು ತಿನ್ನುತ್ತಿದ್ದರು ಎಲ್ಲ ನೋಡಬಹುದು. ಒಂದು ಕಟ್ಟಡದ ಗೋಡೆ ಉಳಿಯಿತು, ಇನ್ನೊಂದರ ಗದ್ದಲ ಉಳಿದು ಗೋಡೆ ಹೋಯಿತು. ನಮಗೆ ಸುಲಭವಾಗಿ ಇಷ್ಟವಾಗುವುದು ಮೊದಲನೆಯದು. ಮ್ಯೂಸಿಯಮ್ಮಿನಲ್ಲಿರುವ ಕಾರ್ಮಿಕ ಸಂಬಳ ಹೆಚ್ಚು ಮಾಡಿ ಅಂತ ಕೇಳೋದಿಲ್ಲ ನೋಡಿ. ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಮ್ಮಿಗೆ ಹೋಗಿ ಹಳೇ ವಾಚುಗಳ ಮುಂದೆ ಸೆಲ್ಫಿ ತೆಗೆದುಕೊಂಡ ನಾನೇ, ಆ ವಾಚು ಮಾಡಿದ ಕೈಗಳು 1980ರ ಡಿಸೆಂಬರಿನಿಂದ ಎರಡು ತಿಂಗಳಿಗೂ ಹೆಚ್ಚು ಕಾಲ ಬೆಂಗಳೂರಿನ ಬೇರೆ ಸರ್ಕಾರಿ ಕಾರ್ಖಾನೆಗಳವರ ಜೊತೆ ಮುಷ್ಕರ ಹೂಡಿದ್ದವು ಅನ್ನೋದನ್ನು ತಿಳಿದದ್ದು ಮನೆಗೆ ಬಂದ ಮೇಲೆ.

ಇಷ್ಟು ಹೇಳಿದರೆ ನಮ್ಮ ಕಡೆಯವರು ಒಂದು ಆಕ್ಷೇಪ ಎತ್ತುತ್ತಾರೆ, ಎತ್ತಲೇಬೇಕು. ಬಸವನ ಬಾಗೇವಾಡಿ ನಮ್ಮೂರಿಂದ ದೂರವಿಲ್ಲ. ಸ್ಥಾವರ ಅಳಿಯುತ್ತೆ, ಜಂಗಮ ಉಳಿಯುತ್ತೆ ಅನ್ನುವ ತಿಳಿವಳಿಕೆ ಕೊಟ್ಟ ನೆಲ ಅದು. ಕಟ್ಟಡ ಹೋದರೆ ಹೋಗಲಿ, ಚಳವಳಿ ಉಳಿದರೆ ಸಾಕಲ್ಲವಾ?

ನಾನೂ ಬಹಳ ದಿನ ಹಾಗೇ ನಂಬಿದ್ದೆ. ಆದರೆ ಆ ಮಾತನ್ನು ಅಂದು ಯಾರಿಗೆ ಹೇಳಲಾಯಿತು ಅಂತ ನೋಡಬೇಕು. ದೇವರನ್ನು ಗುಡಿಯೊಳಗೆ ಕೂಡಿಹಾಕಿ ದುಡಿಯುವವನನ್ನು ಹೊರಗೆ ನಿಲ್ಲಿಸಿದವರಿಗೆ ಹೇಳಿದ ಮಾತದು. ಅದೇ ಶರಣರು ಕಲ್ಯಾಣದಲ್ಲಿ ಕೂಡಿದರು. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿಯ ಚೌಡಯ್ಯ, ಅಕ್ಕಿ ಆಯುವ ಲಕ್ಕಮ್ಮ ಒಂದೆಡೆ ಕೂತು ಮಾತಾಡಿದರು ಅನ್ನೋದೇ ಅನುಭವ ಮಂಟಪದ ನೆನಪು. ಅಂದರೆ ಜಂಗಮಕ್ಕೂ ಕೂಡಲು ಒಂದು ನೆಲ ಬೇಕಾಯಿತು. ಇವತ್ತು "ಜಾಗ ಮುಖ್ಯ ಅಲ್ಲ, ಸ್ಪಿರಿಟ್ ಮುಖ್ಯ" ಅಂತ ಹೇಳುವವರನ್ನು ಗಮನಿಸಿ, ಸಾಮಾನ್ಯವಾಗಿ ಅವರಿಗೆ ಒಳ್ಳೆಯ ಜಾಗ ಇರುತ್ತೆ. ಜಾಗ ಇಲ್ಲದವನ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ.

2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಸರ್ಕಾರ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿತು. ನೂರಾರು ಕೋಟಿಯ ಯೋಜನೆ. ನನಗೆ ಸಂತೋಷವೇ. ಆದರೆ ನಾಳೆ ಅಲ್ಲಿಯ ನೆಲ ಒರೆಸುವ ಹೆಣ್ಣುಮಗಳು ಕೆಲಸ ಮುಗಿಸಿ, ಗುತ್ತಿಗೆದಾರ ಮೂರು ತಿಂಗಳಿಂದ ಪಗಾರ ಕೊಟ್ಟಿಲ್ಲ ಅಂತ ನಾಲ್ಕು ಜನರನ್ನು ಕೂಡಿಸಿಕೊಂಡು ಅಲ್ಲೇ ಕೂತು ಮಾತಾಡಬಹುದಾ? ಹೌದು ಅಂದರೆ ಅದು ಅನುಭವ ಮಂಟಪ. ಇಲ್ಲ ಅಂದರೆ ಅದೂ ಇನ್ನೊಂದು ಸ್ಥಾವರ.

ನನ್ನ ಅರ್ಧಂಬರ್ಧ ಉತ್ತರಗಳಿಗೆ ಇದೇ ಅಳತೆ ಸಿಕ್ಕಿತು ಅನ್ಸುತ್ತೆ. ಎಲ್ಲೂ ಜಾಗ ಸಿಗದ ಜನ ತಮ್ಮ ಪುಡಿಗಾಸು ಕೂಡಿಸಿ ಕಟ್ಟಿದ ಮನೆ, ಮುಂದೆ ಯಾರ ಕೈಗೆ ಹೋದರೂ, ಒಂದು ಠೇವಣಿ. ಕೈಯಲ್ಲಿ ಇಟ್ಟುಕೊಂಡವರು ಬದಲಾಗಬಹುದು, ಠೇವಣಿಯ ಉದ್ದೇಶ ಬದಲಾಗಬಾರದು. 1897ರಲ್ಲಿ ಜಾಗ ಸಿಗದವರು ಕಾರ್ಮಿಕರು, 1982ರಲ್ಲಿ ಹುಡುಗರು. ಕೊಡುವಾಗ ನಗರಸಭೆ ಸರಿಯಾಗಿಯೇ ಕೊಟ್ಟಿತ್ತು. ತಪ್ಪಿದ್ದು, ಅವರಿಗೆ ಬೇರೆ ಜಾಗ ತೋರಿಸದೆ ಹರಾಜಿನ ಸರಕಿನ ಹಾಗೆ ಮಾರಿದ್ದರಲ್ಲಿ. ಹುಡುಗರು ತಪ್ಪಿದ್ದು, ತಮ್ಮ ಹಾಗೇ ಅದೇ ಬೀದಿಯಲ್ಲಿ ಬದುಕುವವರ ಕಾರು ಸುಟ್ಟದ್ದರಲ್ಲಿ. ಆ ಸಿಟ್ಟಿಗಿಂತ ದೊಡ್ಡದು ಆಮೇಲೆ ನಡೆದದ್ದು: ಒಂದು ವರ್ಷಕ್ಕಿಂತ ಹೆಚ್ಚು ಕಾಲ ಗುರುವಾರ ಗುರುವಾರ ಮೆರವಣಿಗೆ ಹೊರಟರು. 2008ರ ಜುಲೈನಲ್ಲಿ ನಗರಸಭೆ ಡೋರ್ಥಿಯವೈ ರಸ್ತೆಯಲ್ಲಿ ಇನ್ನೊಂದು ಮನೆ ಕೊಟ್ಟಿತು. ಅದು ಈ ಮೊದಲೇ ಆಗಬಹುದಾಗಿತ್ತು.

ಮತ್ತೆ ನಮ್ಮ ಬೆಂಗಳೂರು. ಇಲ್ಲಿ ಈಗ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್. ಅದು ಹಳೇ ಸೆಂಟ್ರಲ್ ಜೈಲು, 2008ರಲ್ಲಿ ಉದ್ಯಾನವಾಯಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು. 'ಸಂಸ್ಕಾರ' ಸಿನಿಮಾದ ಸ್ನೇಹಲತಾ ರೆಡ್ಡಿ ಕಾಯಿಲೆಯಲ್ಲಿ ನರಳಿ, ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ಇಟ್ಟಿದ್ದದ್ದೂ ಅಲ್ಲೇ. ಅಂಗನವಾಡಿ ಅಕ್ಕಂದಿರು, ಪೌರಕಾರ್ಮಿಕರು ಅಲ್ಲಿ ಬಿಸಿಲಿನಲ್ಲಿ ಕೂತಿರುತ್ತಾರೆ. ಐಟಿಯವರ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಏರಿಸುವ ಪ್ರಸ್ತಾಪ 2024ರಲ್ಲಿ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿತು. ನಾವು ಲಕ್ಷಗಟ್ಟಲೆ ಇದ್ದೇವೆ, ದನಿ ಎತ್ತಿದವರು ಎಷ್ಟು ಮಂದಿ? ಕೂಗಲು ಒಂದು ಹಳೇ ಜೈಲಾದರೂ ಇದೆ. ಕೂಗುವುದಕ್ಕೆ ಮೊದಲು ಕೂತು ಮಾತಾಡಲು ಏನಿದೆ?

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಒಂದು ತಿದ್ದುಪಡಿ ಇಟ್ಟೆ. ಪಾರ್ಟಿ ಹಾಲನ್ನು ತಿಂಗಳಿಗೊಂದು ಭಾನುವಾರ ಸಂಜೆ ಯಾವುದೇ ಸಭೆಗೆ ಬಾಡಿಗೆಯಿಲ್ಲದೆ ಕೊಡಬೇಕು, ಇಲ್ಲಿ ಕೆಲಸ ಮಾಡುವ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು ಕೇಳಿದರೂ ಕೊಡಬೇಕು ಅಂತ. ಕೊನೆಯ ಸಾಲಿಗೆ ಗುಸುಗುಸು ಶುರುವಾಯಿತು. "ನಾಳೆ ಅವರು ಇಲ್ಲೇ ಕೂತು ನಮ್ಮ ವಿರುದ್ಧವೇ ಯೂನಿಯನ್ ಮಾಡಿದರೆ?" ಅಂತ ಒಬ್ಬರು ಕೇಳಿದರು. ಕೇಳಿದವರು ಆ ಮಂಗಳವಾರದ ಆರು ಜನರಲ್ಲಿ ಒಬ್ಬರು. ಈಗ ಒಳ್ಳೆಯ ಕೆಲಸದಲ್ಲಿದ್ದಾರೆ, ಅದೇ ಕಟ್ಟಡದಲ್ಲಿ ಫ್ಲಾಟ್ ಕೊಂಡಿದ್ದಾರೆ. ಒಳ್ಳೆಯ ಸ್ನೇಹಿತ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಮೆಂಟೆನೆನ್ಸ್ ಹೆಚ್ಚಾದರೆ ಎಷ್ಟು ಅಂತ ನನ್ನ ತಲೆಯೂ ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ತಿದ್ದುಪಡಿಯನ್ನು ಮುಂದಿನ ಸಭೆಗೆ ಹಾಕಿದ್ದಾರೆ. ಮತ್ತೆ ಇಡುತ್ತೇನೆ, ಆ ಕೊನೆಯ ಸಾಲು ಸಮೇತ.